‘ಪ್ರಧಾನಿ’ ಪದಕ್ಕೊಂದು ಟೀಕು

ಪಟ್ಟಣ ಪಂಚಾಯಿತಿಗೆ ಅಧ್ಯಕ್ಷರಾಗುವುದು ಹೇಗೆಂದು ಬಾಶೆಟ್ಟಿಹಳ್ಳಿಯಲ್ಲಿ ಯಾರನ್ನು ಕೇಳಿದರೂ ಬಿಡಿಸಿ ಹೇಳುತ್ತಾರೆ. ನಾವು ಆರಿಸುವುದು ವಾರ್ಡಿನ ಸದಸ್ಯರನ್ನು, ಅಧ್ಯಕ್ಷರನ್ನು ಆರಿಸುವವರು ಆ ಸದಸ್ಯರು. ಮೀಸಲಾತಿ ಯಾವುದು ಬಂತು, ಯಾರ ಕಡೆ ಎಷ್ಟು ತಲೆ ಎಂಬ ಲೆಕ್ಕ ಟೀ ಅಂಗಡಿಯಲ್ಲೇ ಮುಗಿದಿರುತ್ತದೆ. ಅದೇ ಊರಿನಲ್ಲಿ 2024ರ ಏಪ್ರಿಲ್ 26ರಂದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಮತ ಹಾಕಿ ಹೊರಬಂದವರ ಬಾಯಲ್ಲಿ ಮಾತ್ರ ‘ಪ್ರಧಾನಿಗೆ ಓಟು ಹಾಕಿದೆ’ ಎಂಬ ಮಾತು. ಮತಯಂತ್ರದಲ್ಲಿ ಅಂಥ ಗುಂಡಿಯೇ ಇರಲಿಲ್ಲ. ಅದಕ್ಕೇ ಸಂವಿಧಾನದ 74, 75 ಮತ್ತು 78ನೇ ವಿಧಿಗಳನ್ನು ಆಡುಮಾತಿಗೆ ಇಳಿಸಿಕೊಂಡು, ಸಾಲು ಸಾಲಾಗಿ ಟೀಕು ಬರೆಯುತ್ತಿದ್ದೇನೆ.

ಸಾಲು: ರಾಷ್ಟ್ರಪತಿಗೆ ನೆರವು, ಸಲಹೆ ಕೊಡಲು ಪ್ರಧಾನಿ ಮುಂದಾಳಾಗಿರುವ ಮಂತ್ರಿಮಂಡಲ ಇರಬೇಕು, ರಾಷ್ಟ್ರಪತಿ ಆ ಸಲಹೆಯಂತೆ ನಡೆಯಬೇಕು. (74-1)

‘ಸಲಹೆ’ ಎಂಬ ಪದದಲ್ಲೇ ಓದುಗ ಎಡವುವುದು. ನಮ್ಮ ಮನೆಗಳಲ್ಲಿ ಸಲಹೆ ಎಂದರೆ ಕೇಳಿ ಸುಮ್ಮನಾಗಬಹುದಾದ ಮಾತು. ಇಲ್ಲಿ ಅದು ಅಪ್ಪಣೆ. ಎರಡನೆಯ ‘ಬೇಕು’ ಮೊದಲಿನಿಂದ ಇದ್ದದ್ದಲ್ಲ, 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಅದರ ಭಾರ ಮೊದಲು ಬಿದ್ದದ್ದು ಕನ್ನಡಿಗರೊಬ್ಬರ ಹೆಗಲಿಗೆ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಎಂದು ಏಪ್ರಿಲ್‌ನಲ್ಲಿ ಮೊರಾರ್ಜಿ ದೇಸಾಯಿ ಸಂಪುಟ ಸಲಹೆ ಕಳಿಸಿತು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜತ್ತಿಯವರಿಗೆ ವಿಧಾನಸಭೆಯೊಂದನ್ನು ಕಳಚುವುದೆಂದರೇನೆಂದು ಗೊತ್ತಿತ್ತು. ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ಸಹಿ ಬಿತ್ತು. ಹಾಕದೆ ಇರುವ ದಾರಿಯೇ ಅವರಿಗಿರಲಿಲ್ಲ.

ಮರುವರ್ಷದ 44ನೇ ತಿದ್ದುಪಡಿ ಒಂದು ಸಣ್ಣ ಕಿಂಡಿ ಬಿಟ್ಟಿತು: ಒಂದು ಸಲ ‘ಮತ್ತೆ ಯೋಚಿಸಿ’ ಎಂದು ವಾಪಸು ಕಳಿಸಬಹುದು. ಅದೇ ಸಲಹೆ ತಿರುಗಿ ಬಂದರೆ ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. 1997ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಹೀಗೆ ವಾಪಸು ಕಳಿಸಿದರು. ಪ್ರಧಾನಿ ಗುಜ್ರಾಲ್ ಅವರ ಸಂಪುಟ ಅದನ್ನು ಕೈಬಿಟ್ಟಿತು. ಜತ್ತಿಯವರಿಗೆ ಆ ಕಿಂಡಿ ಸಿಕ್ಕಿದ್ದರೆ ಏನು ಮಾಡುತ್ತಿದ್ದರೋ!

ಸಾಲು: ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸಬೇಕು, ಉಳಿದ ಮಂತ್ರಿಗಳನ್ನು ಪ್ರಧಾನಿಯ ಸಲಹೆಯಂತೆ ನೇಮಿಸಬೇಕು. (75-1)

ಮೊದಲ ಅರ್ಧದಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು. ಯಾರನ್ನು ನೇಮಿಸಬೇಕು? ಸಾಲು ಬಾಯಿ ಬಿಡುವುದಿಲ್ಲ. ಐರ್ಲೆಂಡ್‌ನಂಥ ಪುಟ್ಟ ಗಣರಾಜ್ಯದಲ್ಲಿ ಈ ತಾಪತ್ರಯವಿಲ್ಲ: ಕೆಳಮನೆ ಹೆಸರು ಸೂಚಿಸುತ್ತದೆ, ರಾಷ್ಟ್ರಾಧ್ಯಕ್ಷರು ಅವರನ್ನೇ ನೇಮಿಸುತ್ತಾರೆ. ನಮ್ಮಲ್ಲಿ ನೇಮಕ ಮೊದಲು, ಬಹುಮತದ ಪರೀಕ್ಷೆ ಆಮೇಲೆ. 1996ರಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ ರಾಷ್ಟ್ರಪತಿ ಶಂಕರ ದಯಾಳ್ ಶರ್ಮ ಅತಿದೊಡ್ಡ ಪಕ್ಷದ ವಾಜಪೇಯಿಯವರನ್ನು ಕರೆದರು. ಆ ಸರ್ಕಾರ ಹದಿಮೂರೇ ದಿನಕ್ಕೆ ಮುಗಿಯಿತು. ಆಮೇಲೆ ಹಲವು ಪಕ್ಷಗಳ ಸಂಯುಕ್ತ ರಂಗದ ಸರದಿ. ಅದರೊಳಗೆ ಜನತಾದಳದ್ದು 46 ಸ್ಥಾನ, ಅದರಲ್ಲಿ 16 ಕರ್ನಾಟಕದ್ದು. ಪ್ರಧಾನಿಯಾಗಿ ಎಂದು ರಂಗ ಕೇಳಿಕೊಂಡ ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡವೆಂದಿತು. ಜೂನ್ 1ರಂದು ಎಚ್.ಡಿ. ದೇವೇಗೌಡರು ವಿಧಾನಸೌಧ ಬಿಟ್ಟು ಪ್ರಧಾನಿಯಾದರು. ಆ ಚುನಾವಣೆಯಲ್ಲಿ ಮತ ಹಾಕಿದ್ದ ಯಾರ ತಲೆಯಲ್ಲೂ ಆ ಹೆಸರು ಇರಲಿಲ್ಲ. ಸಾಲಿಗೆ ಅದರಿಂದ ಯಾವ ಧಕ್ಕೆಯೂ ಇಲ್ಲ.

ಪ್ರಧಾನಿಯ ಬಲವಿರುವುದು ಎರಡನೆಯ ಅರ್ಧದಲ್ಲಿ. ಬೇರೆ ಯಾವ ಮಂತ್ರಿಯೂ ಈ ಬಾಗಿಲು ದಾಟದೆ ಒಳಗೆ ಬರುವಂತಿಲ್ಲ. ರಾಷ್ಟ್ರಪತಿಗೆ ಇಷ್ಟವಿರುವಷ್ಟು ದಿನ ಮಂತ್ರಿಗಳು ಇರುತ್ತಾರೆ ಎನ್ನುವ 75-2ನ್ನೂ ಇದರ ಜೊತೆಗೇ ಓದಬೇಕು. ಮೇಲಿನ ಸಲಹೆಯ ಸಾಲನ್ನು ಪಕ್ಕದಲ್ಲಿಟ್ಟರೆ ಆ ‘ಇಷ್ಟ’ ಯಾರದೆಂದು ತಾನಾಗಿ ತಿಳಿಯುತ್ತದೆ.

ಸಾಲು: ಪ್ರಧಾನಿ ಸೇರಿ ಮಂತ್ರಿಗಳ ಸಂಖ್ಯೆ ಲೋಕಸಭೆಯ ಶೇ 15ನ್ನು ಮೀರಬಾರದು. (75-1ಎ)

2003ರ 91ನೇ ತಿದ್ದುಪಡಿ. 543 ಸ್ಥಾನಕ್ಕೆ 81 ಮಂದಿ. ಐರ್ಲೆಂಡ್‌ನಲ್ಲಿ ಸಂಪುಟ ಹದಿನೈದು ಜನ ಮೀರುವಂತಿಲ್ಲ. ನಾವು ಹದಿನೈದರ ಮುಂದೆ ‘ಶೇಕಡಾ’ ಸೇರಿಸಿಕೊಂಡಿದ್ದೇವೆ.

ಸಾಲು: ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆ. (75-3)

ಇಷ್ಟೇ. ಮೂರೂ ವಿಧಿಗಳಲ್ಲಿ ಇದಕ್ಕಿಂತ ತೂಕದ ಸಾಲಿಲ್ಲ. ‘ಒಟ್ಟಾಗಿ’ ಎಂದರೆ ಒಬ್ಬರು ಮುಳುಗಿದರೆ ದೋಣಿಯೇ ಮುಳುಗಿತು. ‘ಲೋಕಸಭೆಗೆ’ ಎಂದರೆ ರಾಷ್ಟ್ರಪತಿಗಲ್ಲ, ರಾಜ್ಯಸಭೆಗಲ್ಲ, ಪಕ್ಷದ ಕಚೇರಿಗೂ ಅಲ್ಲ.

ರಾಜ್ಯಗಳಿಗೂ 164ನೇ ವಿಧಿಯಲ್ಲಿ ಇದೇ ಸಾಲಿದೆ. 1989ರಲ್ಲಿ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ವಿಷಯದಲ್ಲಿ ರಾಜ್ಯಪಾಲರು ತಲೆ ಎಣಿಸಿದ್ದು ಶಾಸಕರ ಪತ್ರಗಳ ಮೇಲೆ. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವಕಾಶ ಸಿಗಲಿಲ್ಲ; ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಬೊಮ್ಮಾಯಿ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು, ಬಹುಮತ ಅಳೆಯುವ ಜಾಗ ಸದನವೇ ಹೊರತು ರಾಜಭವನವಲ್ಲ ಎಂದಿತು. ಅಷ್ಟರಲ್ಲಿ ಕುರ್ಚಿ ಹೋಗಿ ಐದು ವರ್ಷವಾಗುತ್ತ ಬಂದಿತ್ತು. ಗೆದ್ದದ್ದು ಮುಂದಿನವರಿಗಾಗಿ.

ಆ ಮುಂದಿನವರಲ್ಲಿ ದೇವೇಗೌಡರೂ ಒಬ್ಬರು, ಅವರ ಸಂಪುಟದಲ್ಲಿ ಬೊಮ್ಮಾಯಿ ಮಂತ್ರಿ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ, ಸರ್ಕಾರಕ್ಕೆ ಹೊರಗಿನಿಂದ ಕೊಟ್ಟಿದ್ದ ಬೆಂಬಲ ಹಿಂತೆಗೆದರು. ಯಾರೂ ರಾತ್ರೋರಾತ್ರಿ ವಜಾ ಮಾಡಲಿಲ್ಲ. ಏಪ್ರಿಲ್ 11ರಂದು ಲೋಕಸಭೆಯಲ್ಲಿ ತಲೆ ಎಣಿಸಿದರು: ವಿರುದ್ಧದ ಮತಗಳೇ ಹೆಚ್ಚು. ಅವರು ಮಾಡಿದ ತಪ್ಪೇನು ಎಂದು ನಮ್ಮ ಕಡೆ ಈಗಲೂ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಸಾಲು ತಪ್ಪು ಕೇಳುವುದಿಲ್ಲ, ಲೆಕ್ಕ ಕೇಳುತ್ತದೆ. ಅವರ ಬಳಿಕ ಗುಜ್ರಾಲ್ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನ ಏಪ್ರಿಲ್ 21. ಎಂಟು ವರ್ಷದ ಹಿಂದೆ ಬೊಮ್ಮಾಯಿ ಸರ್ಕಾರ ಬಿದ್ದದ್ದೂ ಅದೇ ತಾರೀಖಿನಂದು.

ಸಾಲುಗಳು: ಪ್ರಮಾಣವಚನ, ಸಂಬಳ. (75-4, 75-6)

ಇವಕ್ಕೆ ಟೀಕು ಬೇಡ.

ಸಾಲು: ಸತತ ಆರು ತಿಂಗಳು ಸಂಸತ್ತಿನ ಯಾವ ಸದನದಲ್ಲೂ ಸದಸ್ಯರಾಗಿರದ ಮಂತ್ರಿಯ ಅಧಿಕಾರ ಮುಗಿಯುತ್ತದೆ. (75-5)

ತಿರುವಿ ಓದಿದರೆ, ಆರು ತಿಂಗಳು ಸದಸ್ಯತ್ವವಿಲ್ಲದೆಯೂ ಆಳಬಹುದು. ರಾಜ್ಯದಲ್ಲಿ ಇದೇ ನಿಯಮದ ನೆರಳಿನಲ್ಲಿ 1983ರಲ್ಲಿ ರಾಮಕೃಷ್ಣ ಹೆಗಡೆ ಮೊದಲು ಮುಖ್ಯಮಂತ್ರಿಯಾದರು, ಆಮೇಲೆ ಕನಕಪುರದಲ್ಲಿ ಉಪಚುನಾವಣೆ ಗೆದ್ದರು. ಪಂಜಾಬಿನ ಮಂತ್ರಿಯೊಬ್ಬರು ಆರು ತಿಂಗಳು ಮುಗಿಸಿ, ಗೆಲ್ಲದೆಯೇ ಮತ್ತೆ ಪ್ರಮಾಣ ಸ್ವೀಕರಿಸಿದರು. ಈ ಜಾಣತನ ನಡೆಯದು ಎಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಲ್ಲಿ ‘ಯಾವ ಸದನದಲ್ಲೂ’ ಎಂಬ ಮಾತನ್ನು ಗಮನಿಸಿ. ದೇವೇಗೌಡರು 1996ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ಬಂದದ್ದು ರಾಜ್ಯಸಭೆಯ ಮೂಲಕ. ರಾಜ್ಯಸಭೆಯ ಮಂತ್ರಿ ಲೋಕಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಹಾಗಾಗಿ ಏಪ್ರಿಲ್ 11ರಂದು ಸರ್ಕಾರದ ಪರ ಬಿದ್ದ ಮತಗಳಲ್ಲಿ ಪ್ರಧಾನಿಯ ಮತವೇ ಇರಲಿಲ್ಲ. ತನ್ನ ಸರ್ಕಾರದ ಪರ ವಾದಿಸಿ, ತಾನು ಮಾತ್ರ ಗುಂಡಿ ಒತ್ತದೆ, ಉಳಿದವರು ಒತ್ತುವುದನ್ನು ನೋಡುತ್ತ ಕೂರುವುದು! ಬಾಶೆಟ್ಟಿಹಳ್ಳಿಯ ಪಂಚಾಯಿತಿಯಲ್ಲಿ ಹೀಗೆಂದರೆ ಜನ ನಗುತ್ತಾರೆ. ಅಲ್ಲಿ ಅಧ್ಯಕ್ಷರೂ ಒಬ್ಬ ಸದಸ್ಯರೇ.

ಸಾಲು: ಸಂಪುಟದ ತೀರ್ಮಾನಗಳನ್ನು ಪ್ರಧಾನಿ ರಾಷ್ಟ್ರಪತಿಗೆ ತಿಳಿಸಬೇಕು, ಕೇಳಿದ ಮಾಹಿತಿ ಕೊಡಬೇಕು. (78)

ಸಲಹೆಗೆ ಕಟ್ಟುಬಿದ್ದವರಿಗೆ ತಿಳಿಯುವ ಹಕ್ಕಾದರೂ ಇರಲಿ ಎಂಬ ಸಾಲು. ಇದು ಪಾಲನೆಯಾಗುತ್ತಿಲ್ಲವೆಂದೇ ರಾಷ್ಟ್ರಪತಿ ಜೈಲ್ ಸಿಂಗ್ 1987ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರ ಮೇಲೆ ಮುನಿಸಿಕೊಂಡದ್ದು.

ತಿಳಿಯುವ ಹಕ್ಕು ಮತದಾರನಿಗೂ ಉಂಟು. ವಿಶ್ವಾಸಮತ ಎಣಿಕೆಗೆ ಹೋದ ದಿನ ಯಾವ ಸಂಸದ ಯಾವ ಕಡೆ ಮತ ಹಾಕಿದ ಎಂಬುದು ಲೋಕಸಭೆಯ ಕಲಾಪದಲ್ಲಿ ಹೆಸರು ಸಮೇತ ಅಚ್ಚಾಗಿರುತ್ತದೆ. ಮುಂದಿನ ಸಲ ಚಿಕ್ಕಬಳ್ಳಾಪುರದ ಅಭ್ಯರ್ಥಿ ಬಂದು ‘ಪ್ರಧಾನಿಗೆ ಓಟು ಕೊಡಿ’ ಎಂದರೆ, ಸದನದಲ್ಲಿ ಎಣಿಕೆ ಬಂದ ದಿನ ನೀವು ಎಲ್ಲಿರುತ್ತೀರಿ ಎಂದು ಕೇಳಿ.