ಮಳೆಯೂರಿನ ಫೋಟೊ ಪುಸ್ತಕ

ಫೋಟೊ ಪುಸ್ತಕ ಸಂಗ್ರಹಿಸುವವರು ಪಾಲಿಸುವ ನಿಯಮವೊಂದಿದೆ: ಪ್ಲಾಸ್ಟಿಕ್ ಹೊದಿಕೆ ಬಿಚ್ಚಬಾರದು, ಬಿಚ್ಚಿದರೆ ಬೆಲೆ ಇಳಿಯುತ್ತದೆ. ಮಲೆನಾಡಿನ ಕೆರೆಕಟ್ಟೆಯಂಥ ಮಳೆಯೂರಿನಲ್ಲಿ ಈ ನಿಯಮ ಪುಸ್ತಕವನ್ನೇ ಕೊಲ್ಲುತ್ತದೆ. ಇಂಥ ಪುಸ್ತಕಗಳು ಹೆಚ್ಚಾಗಿ ಅಚ್ಚಾಗುವುದು ಆರ್ಟ್ ಪೇಪರಿನ ಮೇಲೆ. ಅದರ ನುಣುಪು ಜೇಡಿಯಂಥ ಲೇಪದಿಂದ ಬಂದದ್ದು. ಕುದುರೆಮುಖದ ಮಗ್ಗುಲಲ್ಲಿ ಆಷಾಢವಿಡೀ ಗೋಡೆ ಬೆವರುವಾಗ ಹೊದಿಕೆಯೊಳಗೆ ಸಿಕ್ಕಿಬಿದ್ದ ತೇವಕ್ಕೆ ಹೊರದಾರಿಯಿಲ್ಲ. ಮೊದಲು ಬೂಷ್ಟು. ನೀರು ತಾಗಿತೆಂದರೆ ಲೇಪವೇ ಅಂಟಾಗಿ ಎದುರುಬದುರು ಪುಟಗಳು ಕಚ್ಚಿಕೊಳ್ಳುತ್ತವೆ, ಎಳೆದರೆ ಶಾಯಿ ಸಮೇತ ಚಿತ್ರ ಸಿಪ್ಪೆಯೇಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೇವ ತಪ್ಪೀತು, ಆದರೆ ಹೊಗೆಯ ಮಸಿ ಬಿಡುವುದಿಲ್ಲ.

ತೆರೆಯದ ಫೋಟೊ ಪುಸ್ತಕ ಕಲೆಯಾಗಿಯೂ ಅಪೂರ್ಣವೇ. ಒಳ್ಳೆಯ ಚಿತ್ರಗಳ ಕಟ್ಟಿಗೆ ರಟ್ಟು ಹಾಕಿದ ಮಾತ್ರಕ್ಕೆ ಫೋಟೊ ಪುಸ್ತಕ ಆಗುವುದಿಲ್ಲ. ರಾಬರ್ಟ್ ಫ್ರ್ಯಾಂಕ್ 27,000ಕ್ಕೂ ಹೆಚ್ಚು ಫ್ರೇಮುಗಳಿಂದ 83ನ್ನಷ್ಟೇ ಆರಿಸಿ, 1958ರಲ್ಲಿ ಪ್ಯಾರಿಸ್‌ನಲ್ಲಿ 'ದಿ ಅಮೆರಿಕನ್ಸ್' ತಂದರು. ಆ ಕೃತಿಯ ಶಕ್ತಿ ಆಯ್ಕೆಯಲ್ಲಿ ಎಷ್ಟಿದೆಯೋ ಅನುಕ್ರಮದಲ್ಲೂ ಅಷ್ಟೇ ಇದೆ, ಆ ಅನುಕ್ರಮ ಕಾಣುವುದು ಪುಟ ತಿರುವಿದಾಗಲೇ. ನಮ್ಮ ನೆಲದ ಉದಾಹರಣೆ ಇನ್ನೂ ಹಳೆಯದು. 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಸಂಪುಟದಲ್ಲಿ ಪಿಗೌ, ನೀಲ್, ಬಿಗ್ಸ್ ತೆಗೆದ ಫೋಟೊಗಳಿವೆ. ಬರಹ ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಅವರದು. ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಮೇಲೆ ಮುದ್ರಿಸಿದ ಆ ಚಿತ್ರಗಳನ್ನು ಪುಟಗಳಿಗೆ ಅಂಟಿಸಲಾಗಿತ್ತು. ಹಾಗಾಗಿ ಒಂದು ಪ್ರತಿ ಇನ್ನೊಂದರಂತೆ ಮಾಸುವುದಿಲ್ಲ, ಪ್ರತಿಯೊಂದನ್ನೂ ತೆರೆದೇ ನೋಡಬೇಕು.

ಅದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಚಿತ್ರ ಸಿಗುತ್ತದೆ, ನಿಜ. ದೂರದ ಊರಿನ ಓದುಗನಿಗೆ ಅದು ದೊಡ್ಡ ಉಪಕಾರವೂ ಹೌದು. ಆದರೆ ಸಂದೇಶ್ ಕಡೂರ್ ಮತ್ತು ಕಮಲ್ ಬಾವಾ ಅವರ 'ಸಹ್ಯಾದ್ರಿಸ್' (2005) ಥರದ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ಹರಡಿ ಕೂತಾಗ ಘಟ್ಟದ ವಿಸ್ತಾರ ಕಣ್ಣಳತೆಗೆ ಬರುತ್ತದೆ, ಪುಟ ತಿರುವುವ ನಿಧಾನವೇ ನೋಟಕ್ಕೆ ಲಯ ಕೊಡುತ್ತದೆ. ಬೆರಳು ತೇಲಿಸುವ ಪರದೆಯಲ್ಲಿ ಇವೆರಡೂ ಇಲ್ಲ. ಕೈ ತಾಗಿದರೆ ಕಲೆಯಾಗುತ್ತದೆಂಬ ಅಂಜಿಕೆ ತಪ್ಪಲ್ಲ, ಆದರೆ ತೊಳೆದು ಒರೆಸಿದ ಕೈಯಿಂದ ಆಗುವ ಹಾನಿ ಬೂಷ್ಟಿನ ಮುಂದೆ ಏನೂ ಅಲ್ಲ. ಬೆಲೆಯ ಲೆಕ್ಕವೇ ಮುಖ್ಯವೆನ್ನುವವರೂ ಯೋಚಿಸಲಿ: ಪುಟ ಕಚ್ಚಿಕೊಂಡ ಪ್ರತಿಯನ್ನು ಯಾರು ಕೊಳ್ಳುತ್ತಾರೆ?

ಮಲೆನಾಡಿನ ಸಂಗ್ರಾಹಕರೇ, ಹೊದಿಕೆ ಕತ್ತರಿಸಿ. ಪುಸ್ತಕವನ್ನು ಗೋಡೆಗೆ ತಾಗದಂತೆ, ಗಾಳಿಯಾಡುವ ಕಪಾಟಿನಲ್ಲಿಡಿ, ಮಳೆ ಹೊಳವಾದ ದಿನಗಳಲ್ಲಿ ನೆರಳಲ್ಲಿ ಕೂತು ಮೊದಲ ಪುಟದಿಂದ ಕೊನೆಯವರೆಗೆ ಕ್ರಮವಾಗಿ ನೋಡಿ.