ವೆಂಕಟೇಶರ ಗರಡಿಯಿಂದ ಬಂದವರು

ಕನ್ನಡ ಚಿತ್ರಸಂಗೀತದ ಚರ್ಚೆ ಹಾಡಿನಲ್ಲೇ ಶುರುವಾಗಿ ಹಾಡಿನಲ್ಲೇ ಮುಗಿದುಹೋಗುತ್ತದೆ. ಬರೆದವರು, ರಾಗ ಹಾಕಿದವರು, ಹಾಡಿದವರು ಎಂದು ಮೂರು ಹೆಸರು ಸಿಕ್ಕರೆ ನಮಗೆ ತೃಪ್ತಿ. ಪಲ್ಲವಿಗೂ ಚರಣಕ್ಕೂ ನಡುವೆ ಪಿಟೀಲುಗಳು ಏನು ನುಡಿಸಬೇಕು, ಕೊಳಲು ಎಲ್ಲಿ ಸೇರಬೇಕು, ಎಲ್ಲಿ ಎಲ್ಲ ವಾದ್ಯವೂ ಸುಮ್ಮನಾಗಬೇಕು ಎಂದು ಸ್ವರ ಬರೆದುಕೊಟ್ಟ ನಾಲ್ಕನೆಯವರೊಬ್ಬರು ಇರುತ್ತಾರೆ. ಅವರನ್ನು ಮದರಾಸಿನ ಸ್ಟುಡಿಯೋಗಳಲ್ಲಿ ಅಸಿಸ್ಟೆಂಟ್ ಎಂದೋ ಅರೇಂಜರ್ ಎಂದೋ ಕರೆಯುತ್ತಿದ್ದರು. ಅಂಥವರು ಮುಂದೆ ಬಂದು ತಾವೇ ಸಂಗೀತ ನಿರ್ದೇಶಕರಾದಾಗ ನಮ್ಮ ಸಿನಿಮಾಕ್ಕೆ ಏನು ದಕ್ಕಿತು?

ಇದಕ್ಕೆ ಉತ್ತರ ಹುಡುಕಲು ಜಿ.ಕೆ. ವೆಂಕಟೇಶ್ ಅವರ ಗರಡಿಗೇ ಹೋಗಬೇಕು. ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972) ಚಿತ್ರಗಳ ಸಂಗೀತ ಅವರದು. ‘ಸಂಪತ್ತಿಗೆ ಸವಾಲ್’ನಲ್ಲಿ (1974) ರಾಜ್‌ಕುಮಾರ್ ಅವರಿಂದ ಹಾಡಿಸಿದವರೂ ಅವರೇ. ಆ ವರ್ಷಗಳಲ್ಲಿ ಅವರ ಸಹಾಯಕರಾಗಿದ್ದವರಲ್ಲಿ ಒಬ್ಬರು ಇಳಯರಾಜ. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸ್ವರಲಿಪಿ ಕಲಿತಿದ್ದ ಅವರು 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ಯಿಂದ ಸ್ವತಂತ್ರರಾದರು. ಆಮೇಲೆ ಕನ್ನಡಕ್ಕೆ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಕೊಟ್ಟರು. ಮಣಿರತ್ನಂ ಅವರ ಆ ಮೊದಲ ಚಿತ್ರದ ಮಟ್ಟೊಂದು ಮುಂದೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶದ ಮನೆಮನೆಯಲ್ಲೂ ಕೇಳಿಸಿತು. ಸಾಹಿತ್ಯವನ್ನು ಕಳಚಿಟ್ಟರೂ ವಾದ್ಯದಲ್ಲಿ ಅದು ಅಷ್ಟೇ ಗಟ್ಟಿಯಾಗಿ ನಿಂತಿತು. ವಾದ್ಯಗಳಿಗೆ ಬರೆದು ಪಳಗಿದ ಕೈಯ ಗುರುತು ಅದು.

ಹಾಗಿದ್ದೂ ಕನ್ನಡದ ಮಟ್ಟಿಗೆ ಈ ಗರಡಿಯ ದೊಡ್ಡ ಫಲ ಎಲ್. ವೈದ್ಯನಾಥನ್ ಎಂದೇ ನಾನು ನಂಬಿದ್ದೇನೆ. ಎಲ್. ಸುಬ್ರಹ್ಮಣ್ಯಂ, ಎಲ್. ಶಂಕರ್ ಅವರ ಅಣ್ಣ, ಪಿಟೀಲಿನ ಮನೆತನದವರು, ವೆಂಕಟೇಶರ ಬಳಿ ಸಹಾಯಕರಾಗಿ ದುಡಿದವರು. ಕಾಶೀನಾಥರ ‘ಅಪರಿಚಿತ’ಕ್ಕೆ (1978) ಮರೆಯಲಾಗದ ಹಾಡು ಕೊಟ್ಟರೂ ಅವರ ಜೀವ ಇದ್ದದ್ದು ಹಾಡಿನ ಹೊರಗೆ. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ (1986) ನೆನೆಯಿರಿ. ಅರ್ಥವಿಲ್ಲದ ನಾಲ್ಕು ಅಕ್ಷರಗಳ ಗುನುಗಿನಲ್ಲಿ ಒಂದು ಊರು ಎದ್ದು ನಿಲ್ಲುತ್ತದೆ. ಕಥೆ ಬಿಚ್ಚಿಕೊಳ್ಳುವ ಮೊದಲೇ ಅಲ್ಲಿಯ ಜನರ ಮೇಲೆ ಅಕ್ಕರೆ ಹುಟ್ಟುತ್ತದೆ. ಮರುವರ್ಷ ಬಂದ ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ ಇನ್ನೂ ಕಠಿಣ ಪರೀಕ್ಷೆ. ಬೆಂಗಳೂರಿನಲ್ಲಿ ನಡೆಯುವ ಆ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಕಮಲ್‌ಹಾಸನ್, ಅಮಲಾ ಕೈಸನ್ನೆಯಲ್ಲೇ ಒಲಿಯುತ್ತಾರೆ. ಇಂಥಲ್ಲಿ ಸಂಗೀತ ಸ್ವಲ್ಪ ಅತಿಯಾದರೂ ಚಿತ್ರ ಸರ್ಕಸ್ ಆಗಿಬಿಡುತ್ತದೆ, ಸ್ವಲ್ಪ ಹಿಂಜರಿದರೂ ಸೊರಗುತ್ತದೆ. ವೈದ್ಯನಾಥನ್ ಎರಡಕ್ಕೂ ಎಡೆಗೊಡಲಿಲ್ಲ. ಮಟ್ಟು ಕಟ್ಟುವುದನ್ನಷ್ಟೇ ಬಲ್ಲವರಿಂದ ಇದು ಆಗುತ್ತಿರಲಿಲ್ಲ.

ಎಲ್ಲ ಅರೇಂಜರ್‌ಗಳಿಗೂ ಈ ಭಾಗ್ಯ ಒದಗಲಿಲ್ಲ. ಮುಂಬೈಯಲ್ಲಿ ಪ್ಯಾರೇಲಾಲ್ ವಾದ್ಯಗಾರರ ಸಾಲಿನಿಂದ ಎದ್ದುಬಂದು ಲಕ್ಷ್ಮೀಕಾಂತ್ ಜೊತೆ ‘ಪಾರಸಮಣಿ’ಗೆ (1963) ಸಂಗೀತ ಕೊಟ್ಟರು. ಶಂಕರ್-ಜೈಕಿಶನ್ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಗೋವೆಯ ಸೆಬಾಸ್ಟಿಯನ್ ಡಿಸೋಜ ಮಾತ್ರ ಬಹುಮಟ್ಟಿಗೆ ತೆರೆಮರೆಯಲ್ಲೇ ಉಳಿದರು.

ಬೇಲೂರು, ಹಳೇಬೀಡು, ಅರಸೀಕೆರೆಗಳ ಹೊಯ್ಸಳ ಗುಡಿಗಳನ್ನು ಸುತ್ತಿ ಬಂದವರಿಗೆ ಕೆಲಸ ಮಾಡಿದವರ ಹೆಸರು ಹೀಗೆ ತೆರೆಮರೆಯಲ್ಲಿ ಉಳಿಯುವುದು ನೋವಿನ ಸಂಗತಿಯಾಗಿ ಕಾಣಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ, ಸೂರಿನಡಿಯ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ್ದಾನೆ. ಅವನ ಮಗ ಚಾವಣ ತನ್ನ ಹೆಸರನ್ನು ಬೇರೆಯಾಗಿಯೇ ಕೆತ್ತಿದ್ದಾನೆ. ಹಳೇಬೀಡಿನಲ್ಲೂ ರೂವಾರಿಗಳ ಸಹಿಗಳಿವೆ. ಗುಡಿ ರಾಜನದಾದರೂ ಉಳಿಯ ಕೆಲಸ ಯಾರದೆಂದು ಕಲ್ಲೇ ಹೇಳುತ್ತದೆ. ಇದೇ ನೆಲದ ಐತಿಹ್ಯವನ್ನು ಆಧರಿಸಿ ಬಿ.ಎಸ್. ರಂಗಾ ಅವರು 1964ರಲ್ಲಿ ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಅದರ ಸಂಗೀತ ಎಸ್. ರಾಜೇಶ್ವರರಾವ್ ಅವರದೆಂದು ಎಲ್ಲರಿಗೂ ಗೊತ್ತು. ಅವರ ವಾದ್ಯವೃಂದದಲ್ಲಿ ಕೂತು ನುಡಿಸಿದವರ ಬಗ್ಗೆ ನಮ್ಮ ಚಿತ್ರಚರಿತ್ರೆ ಮೌನವಾಗಿದೆ.

ಇಂದು ಸ್ವರ ಬರೆಯುವ ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂದಿದೆ; ಅರೇಂಜರ್ ಪ್ರೋಗ್ರಾಮರ್ ಆಗಿದ್ದಾರೆ. ಆ ಕೆಲಸದಿಂದಲೇ ಮೇಲೆ ಬಂದ ರವಿ ಬಸ್ರೂರು ‘ಉಗ್ರಂ’ (2014), ‘ಕೆಜಿಎಫ್’ (2018) ಚಿತ್ರಗಳಲ್ಲಿ ಹಿನ್ನೆಲೆ ಸಂಗೀತವನ್ನೇ ಮುನ್ನೆಲೆಗೆ ತಂದರು. ಕನ್ನಡದ ಸದ್ದು ದೇಶಕ್ಕೆಲ್ಲ ಮುಟ್ಟಿದ್ದು ಸಣ್ಣ ಸಾಧನೆಯೇನಲ್ಲ. ಆದರೆ ಆ ಅಬ್ಬರವನ್ನು ಅನುಕರಿಸುತ್ತಿರುವ ಚಿತ್ರಗಳಲ್ಲಿ ಮಟ್ಟು ಸೊರಗಿದೆ, ನಿಶ್ಶಬ್ದಕ್ಕೆ ಜಾಗವೇ ಇಲ್ಲ. ವೆಂಕಟೇಶರ ಗರಡಿಯವರಿಗೆ ವಾದ್ಯದಷ್ಟೇ ವಿರಾಮವೂ ಗೊತ್ತಿತ್ತು. ಈಗಿನವರು ಅವರಿಂದ ಕಲಿಯಬೇಕಾದದ್ದು ಅದನ್ನೇ.

ವೆಂಕಟೇಶ್ 1993ರಲ್ಲಿ, ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಅವರ ರೆಕಾರ್ಡಿಂಗ್‌ಗಳಲ್ಲಿ ನುಡಿಸಿದವರು, ಸ್ವರ ಬರೆದವರು ಕೆಲವರಾದರೂ ನಮ್ಮ ನಡುವೆ ಇರುವಾಗಲೇ ಕರ್ನಾಟಕ ಚಲನಚಿತ್ರ ಅಕಾಡೆಮಿ ಅವರನ್ನು ಹುಡುಕಿ ಮಾತನಾಡಿಸಬೇಕು, ಯಾವ ಚಿತ್ರದಲ್ಲಿ ಯಾರ ಕೆಲಸವಿತ್ತು ಎಂದು ದಾಖಲಿಸಬೇಕು. ಇದನ್ನು ಮುಂದಿನ ವರ್ಷಕ್ಕೆಂದು ದೂಡುವಂತಿಲ್ಲ.