ಬಾಲದ ಕೊಕ್ಕೆ, ತಲೆಯ ಕೊಕ್ಕೆ

ಈ ವಾರ ಇಂಗ್ಲಿಷಿನ ‘ಇಂಗ್’ ರೂಪಗಳ ಕಥೆ ಹೇಳುವುದಾಗಿ ಅಂಕಣ ಮಾತು ಕೊಟ್ಟಿತ್ತು. ಅಷ್ಟರಲ್ಲಿ ಒಂದು ವ್ಯಾಕರಣದ ಗೈಡಿನಲ್ಲಿ ಹಳೇ ಮಂತ್ರ ಕಣ್ಣಿಗೆ ಬಿತ್ತು: ಪೂರ್ಣ ಅರ್ಥ ಕೊಡುವುದೇ ವಾಕ್ಯ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಓದಿದ ತಲೆಮಾರುಗಳಿಗೆಲ್ಲ ಇದು ಬಾಯಿಪಾಠ. ಆದರೆ ‘ಹಿ ಡಿಡ್ ಇಟ್’ ನೋಡಿ. ಯಾರು, ಏನು ಮಾಡಿದ ಎಂಬುದು ದೇವರಿಗೇ ಗೊತ್ತು, ಆದರೂ ಅದು ಅಪ್ಪಟ ವಾಕ್ಯ. ಅದೇ ಸಿನಿಮಾ ಹಾಲಿನಲ್ಲಿ ‘ಫೈರ್!’ ಎಂದು ಕೂಗಿದರೆ ಎದ್ದು ಓಡುವವರಿಗೆ ಅರ್ಥದ ಕೊರತೆಯೇನೂ ಇರದು. ವ್ಯಾಕರಣಕ್ಕೆ ಮಾತ್ರ ಅದು ಬರೀ ತುಣುಕು.

ಕನ್ನಡದ ಮಕ್ಕಳು ಎಡವುವುದು ಬೇರೆ ಕಡೆ. ‘ಮಳೆ ಬಂತು’ ಎಂದರೆ ಮಾತು ಮುಗಿಯಿತು. ‘ಬಂದು’, ‘ಬಂದರೆ’, ‘ಬಂದದ್ದರಿಂದ’ ಎಂದರೆ ಕ್ರಿಯಾಪದವೇ ವೇಷ ಬದಲಿಸಿ, ತಾಳಿ, ಇನ್ನೂ ಇದೆ ಎನ್ನುತ್ತದೆ. ಕೊಕ್ಕೆ ಬಾಲದಲ್ಲೇ ಇರುವುದರಿಂದ ಕಿವಿ ಮೋಸ ಹೋಗುವುದಿಲ್ಲ. ಇಂಗ್ಲಿಷಿನ ‘ಇಟ್ ರೇನ್ಡ್’ ವಾಕ್ಯ, ‘ಬಿಕಾಸ್ ಇಟ್ ರೇನ್ಡ್’ ತುಣುಕು. ಕ್ರಿಯಾಪದದ ಕೂದಲೂ ಕೊಂಕಿಲ್ಲ! ಕೊಕ್ಕೆ ತಲೆಯಲ್ಲಿದೆ. ಕೊನೆ ಮುಟ್ಟುವಷ್ಟರಲ್ಲಿ ಅದು ಮರೆತು, ಪೂರ್ಣವಿರಾಮ ಬಿದ್ದಿರುತ್ತದೆ.

ರೇ ನೊಗುಚಿ ವ್ಯಾಕರಣ ಬೋಧನೆ ಕುರಿತ 1991ರ ಪುಸ್ತಕದಲ್ಲಿ ಇದಕ್ಕೊಂದು ಸುಲಭ ಒರೆಗಲ್ಲು ಕೊಟ್ಟರು: ಕೊನೆಗೊಂದು ಬಾಲಪ್ರಶ್ನೆ ಅಂಟಿಸುವುದು. ‘ಇಟ್ ರೇನ್ಡ್, ಡಿಡಂಟ್ ಇಟ್?’ ಸಲೀಸು. ಮುಂದೆ ‘ಬಿಕಾಸ್’ ಇಟ್ಟು ಹೇಳಿ ನೋಡಿ, ನಾಲಿಗೆಯೇ ತಡವರಿಸುತ್ತದೆ.

ಇನ್ನು ತುಣುಕು ಕಂಡಲ್ಲೆಲ್ಲ ಕೆಂಪು ಶಾಯಿ ಸುರಿಯುವ ಪಂಥ. ಅದರ ಯಂತ್ರಾವತಾರ ಮೈಕ್ರೋಸಾಫ್ಟ್ ವರ್ಡ್‌ನ ಹಳೆಯ ಆವೃತ್ತಿಗಳಲ್ಲಿದ್ದ ಹಸಿರು ಅಲೆಗೆರೆ. 1852ರ ಮಾರ್ಚ್‌ನಲ್ಲಿ ಕಂತುಗಳಾಗಿ ಬರತೊಡಗಿದ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಅದರ ಕೈಗೆ ಸಿಕ್ಕಿದ್ದರೆ ಮೊದಲ ಪುಟವೇ ಪಾಚಿಗಟ್ಟುತ್ತಿತ್ತು. ಕಾದಂಬರಿಯ ಮೊದಲ ವಾಕ್ಯ ಊರಿನ ಹೆಸರು, ಒಂದೇ ಪದ, ಪೂರ್ಣವಿರಾಮ. ಆಮೇಲೆ ನವೆಂಬರಿನ ಕೆಸರು, ಮಸಿಹೊಗೆ, ಗುರುತೇ ಸಿಗದ ನಾಯಿಗಳು, ಕೊಡೆಗೆ ಕೊಡೆ ತಾಗಿಸಿ ಜಾರುವ ಜನ. ಎರಡನೇ ಪ್ಯಾರಾ ಪೂರ್ತಿ ಮಂಜು. ಮೂರು ಪ್ಯಾರಾಗಳ ಉದ್ದಕ್ಕೂ ಪ್ರಧಾನ ಕ್ರಿಯಾಪದ ಬಹುತೇಕ ನಾಪತ್ತೆ. ಎಲ್ಲವೂ ‘ಇಂಗ್’ ಹಿಡಿದು ಗಾಳಿಯಲ್ಲಿ ತೇಲುತ್ತಿದೆ (ಕೊಟ್ಟ ಮಾತು ಅಷ್ಟರಮಟ್ಟಿಗೆ ಉಳಿಯಿತು). ಯಾವುದಕ್ಕೂ ಕಾಲವಿಲ್ಲ, ಯಾವುದೂ ಮುಗಿಯುವುದಿಲ್ಲ, ವರ್ಷಗಟ್ಟಲೆ ಎಳೆಯುವ ಚಾನ್ಸರಿ ಕೋರ್ಟಿನ ದಾವೆಯ ಹಾಗೆ.

ನಾಲ್ಕನೇ ಪ್ಯಾರಾದಲ್ಲಿ ಮಂಜು ಟೆಂಪಲ್ ಬಾರ್ ಎಂಬ ಹಳೇ ಹೆಬ್ಬಾಗಿಲ ಹತ್ತಿರ ದಟ್ಟವಾದಾಗ ಕ್ರಿಯಾಪದ ಮರಳುತ್ತದೆ. ಮೊದಲ ಪ್ಯಾರಾದಲ್ಲಿ ‘ಸಿಟಿಂಗ್’ ಆಗಿ ತೂಗಾಡುತ್ತಿದ್ದ ಆ ಕೋರ್ಟಿನ ಮುಖ್ಯ ನ್ಯಾಯಾಧೀಶ ಲಾರ್ಡ್ ಚಾನ್ಸಲರ್ ಈಗ ‘ಸಿಟ್ಸ್’ ಎಂದು ಪೀಠದಲ್ಲಿ ಗಟ್ಟಿಯಾಗಿ ಕೂರುತ್ತಾನೆ.